ಸಾಬವ್ವನ ಹಗೇವು ಮತ್ತು ನಡುಗಿದ ನೆಲ

ಭೂಮಿಯೆಲ್ಲ ಒಂದು ಹಾವಿನ ಹೆಡೆಯ ಮೇಲೆ ನಿಂತಿದ್ದ ಕಾಲವೊಂದಿತ್ತಂತೆ. ನೋವಾದಾಗ ಹಾವು ಹೆಡೆ ಕೊಡವುತ್ತಿತ್ತಂತೆ. ಇದು ನನ್ನ ಅಜ್ಜಿ ಹೇಳಿದ ಕಥೆ. ಕಥೆಯಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು.

ಹೋದ ಸುಗ್ಗಿಯಲ್ಲಿ ನಮ್ಮೂರು ಮಾದನಹಿಪ್ಪರಗಾದಲ್ಲಿ ನೆಲ ನಡುಗಿತು. ಗೋಡೆಯ ಮಾಡದಲ್ಲಿದ್ದ ತಂಬಿಗೆಗಳು ಉರುಳಿದವು. ಮರುದಿನ ಬಾವಿಯ ಹತ್ತಿರ ನಾನೇ ಬಾಯಿ ಬಿಟ್ಟೆ.

"ಸಾಬವ್ವ ಜ್ವಾಳ ಇಡಾಕ ಹೊಸಾ ಹಗೇವು ತೋಡ್ಯಾಳಲ್ಲ, ಹಾವಿಗೆ ಸಲಿಕಿ ತಾಗಿರಬೇಕ್ ನೋಡ್ರಿ."

ಸಂಜೆಯೊಳಗೆ ಊರವರು ಆ ಗುಂಡಿಗೆ ಕಲ್ಲು ತುಂಬಿದರು. ಗಂಡನಿಲ್ಲದ ಸಾಬವ್ವನ ವರ್ಷದ ಜೋಳ ಅಂಗಳದಲ್ಲಿ ಉಳಿಯಿತು. ಇಲಿಗಳು ಚೀಲ ಕೊರೆದವು.

ವಾರದ ಮೇಲೆ ಶಾಲೆಯ ವಾಮನ ಮಾಸ್ತರರು ಹೈದರಾಬಾದಿನ ಭೂಕಂಪದ ಕಚೇರಿಯಿಂದ ಬಂದ ಕಾಗದ ಹಿಡಿದು ಕಟ್ಟೆಗೆ ಬಂದರು. ನೆಲ ಎಷ್ಟು ಹೊತ್ತಿಗೆ ನಡುಗಿತು, ಏನೇನು ಬಿತ್ತು ಎಂದು ಕೇಳಿ ಬರೆದುಕೊಂಡರು.

"ಸಾಬವ್ವನ ಹೆಸರೂ ಬರ್ಕೋರಿ ಮಾಸ್ತರ," ಎಂದ ಪಕ್ಕದ ಮನೆಯ ಪೀರಪ್ಪ.

"ಬರೀತೇನಿ. ಆದ್ರ ಅದೇ ಹೊತ್ತಿಗೆ ಅಫಜಲಪುರದಾಗೂ ನಡುಗೇದ, ನೆಲೋಗ್ಯಾಗೂ ನಡುಗೇದ. ಆಕಿ ಸಲಿಕಿ ಭೀಮಾ ಹೊಳಿ ದಾಟಿ ಹೋಗಿತ್ತೇನಪಾ?"

ಎಲ್ಲರೂ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

"ಮತ್ತ ನಡುಗಿದ್ದು ಯಾಕ್ರಿ?" ಎಂದ ಪೀರಪ್ಪ.

"ನೆಲದಾಳದಾಗ ಕಲ್ಲಿನ ಪದರು ಒಂದಕ್ಕೊಂದು ಒತ್ತತಾವ. ತಡೀಲಾರದಾಗ ಸರಕ್ಕನ ಜಾರತಾವ. ಹೈದರಾಬಾದಿನಾಗ ಒಂದು ಯಂತ್ರ ಅದ, ಆ ನಡುಕಾನ ಗೆರಿ ಮಾಡಿ ತೋರಸ್ತದ. ಆ ಗೆರಿ, ಊರೂರಿನ ಮಾತು ಎರಡೂ ಕೂಡಿಸಿ ನೋಡಿದ್ರ ಎಲ್ಲಿ ಜಾರಿತು ಅಂತ ತಿಳೀತದ. ಅದಿರಲಿ, ಹಾವಿನ ಮಾತು ಯಾರು ಹುಟ್ಟಿಸಿದ್ರಿ?"

ಯಾರೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅಂದು ಸಾಬವ್ವನ ಅಂಗಳಕ್ಕೆ ಹೋದೆ. "ಕಲ್ಲೆಲ್ಲಾ ನಾನ ತೆಗೀತೇನವ್ವಾ," ಎಂದೆ.

ಆಕೆ ಜೋಳ ಕೇರುತ್ತಲೇ, "ಮತ್ತೊಂದು ಕತಿ ತಂದೀಯೇನು?" ಎಂದಳು.

ಮೂರು ದಿನ ಆ ಕಡೆ ಸುಳಿಯಲಿಲ್ಲ. ನಾಲ್ಕನೆಯ ದಿನ ಬುಟ್ಟಿ ಹಿಡಿದು ಅದೇ ಬಾವಿಯ ಹತ್ತಿರ ನಿಂತೆ. "ಸುಳ್ಳು ಹಬ್ಬಿಸಿದಾಕಿ ನಾನು. ಸಾಬವ್ವಂದು ಏನೂ ತಪ್ಪಿಲ್ಲ," ಎಂದೆ. ಎಲ್ಲರಿಗೂ ಕೇಳಲೆಂದು ಎರಡು ಸಲ ಹೇಳಿ, ಕಲ್ಲು ತೆಗೆಯಲು ಹಗೇವಿನ ಕಡೆ ನಡೆದೆ.

"ಕಲ್ಲು ಹೊತ್ತು ಹಾಕಿದಾವ್ರು ನಾವ," ಎಂದು ಗೊಣಗುತ್ತ ಪೀರಪ್ಪನೂ ಹಿಂದೆಯೇ ಬಂದ.

ಅಕ್ಕಂದಿರೇ, ಅಣ್ಣಂದಿರೇ, ನೆಲ ನಡುಗಿದರೆ ಗೋಡೆ ಬಿಟ್ಟು ಬಯಲಿಗೆ ಬನ್ನಿ. ಹೊತ್ತು ನೆನಪಿಡಿ, ಕಂಡದ್ದನ್ನು ಕಂಡಷ್ಟೇ ಬರೆಸಿ. ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಯಾರ ಮನೆಯ ಕಡೆಗೂ ನನ್ನಂತೆ ಬೆರಳು ತೋರಿಸಬೇಡಿ.

ಕತ್ತಲಾಗುವ ಮೊದಲು ಹಗೇವು ಬರಿದಾಯಿತು. ಉಳಿದ ಜೋಳವನ್ನು ಸಾಬವ್ವ ತಾನೇ ಸುರಿಯತೊಡಗಿದಳು. ಚೀಲದ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದಳು.