ಜೋಡಿ ತಪ್ಪಿದ ಮಂಡಿಪಟ್ಟಿ

ನಾನು ಹುಟ್ಟಿದ ಬೆಳಗ್ಗೆ ಎಂಥ ಮಂಜು ಎಂದರೆ, ಕಾರ್ಖಾನೆಯ ಬಾಗಿಲಲ್ಲಿ ನಿಂತವರಿಗೆ ಎದುರಿನ ಚಹಾದಂಗಡಿಯ ಒಲೆ ಕಾಣುತ್ತಿತ್ತು, ಅಂಗಡಿ ಕಾಣುತ್ತಿರಲಿಲ್ಲ. ಉತ್ತರದ ಊರು, ಮಾಗಿಯ ಚಳಿ. ಹೆಣಿಗೆ ಯಂತ್ರದ ಮುದುಕ ಅಂಗೈಗೆ ಉಸಿರು ಊದಿಕೊಂಡು ಗುಂಡಿ ಒತ್ತಿದ. ಹತ್ತಿಯ ನೂಲು, ರಬ್ಬರಿನ ಎಳೆ ಒಂದನ್ನೊಂದು ತಬ್ಬಿಕೊಂಡು ಕೊಳವೆಯಾಗಿ ಇಳಿದವು. ಅದೇ ನಾನು. ನಾನೊಂದು ಮಂಡಿಪಟ್ಟಿ; ಆಟಗಾರರು ಮಂಡಿಗೆ ಏರಿಸಿಕೊಳ್ಳುವ ನೀಲಿ ಕವಚ. ನನ್ನ ಬೆನ್ನಿಗೇ ನನ್ನ ಜೋಡಿಯೂ ಇಳಿಯಿತು. ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಿ ಬಾಯಿ ಅಂಟಿಸಿದರು.

ರೈಲು, ಲಾರಿ, ಅಂಗಡಿ ದಾಟಿ ಮಂಡ್ಯ ಸೀಮೆಯ ಒಂದು ಪ್ರೌಢಶಾಲೆಗೆ ಬಂದೆವು. ಅಲ್ಲಿಯ ಡ್ರಿಲ್ ಮೇಷ್ಟ್ರು ಬೋರಯ್ಯನವರು ನಮ್ಮನ್ನು ಮಾದಪ್ಪನ ಪಟದ ಮುಂದಿಟ್ಟು, ವಿಭೂತಿ ಹಚ್ಚಿ, ನಿಂಗರಾಜು ಎಂಬ ಹುಡುಗನ ಕೈಗೆ ಕೊಟ್ಟರು. ನಿಂಗರಾಜು ಕಬಡ್ಡಿಯಲ್ಲಿ ಹಿಡಿಯುವವನು. ಎಡಮೂಲೆಯಲ್ಲಿ ಬಗ್ಗಿ ನಿಲ್ಲುತ್ತಿದ್ದ. ಎದುರು ತಂಡದ ರೈಡರ್ ಉಸಿರು ಬಿಡದೆ 'ಕಬಡ್ಡಿ' ಎನ್ನುತ್ತ ನುಗ್ಗಿದಾಗ ಅವನ ಹಿಮ್ಮಡಿಗೆ ಬೀಳುತ್ತಿದ್ದ. ಅವನು ಹಿಡಿದ ಕಾಲು ಬಿಟ್ಟದ್ದಿಲ್ಲವೆಂದು ಊರವರು ಅವನನ್ನು 'ಬೀಗ' ಎನ್ನುತ್ತಿದ್ದರು.

ಮೇಷ್ಟ್ರು ಹೇಳುತ್ತಿದ್ದುದು ಒಂದೇ ಪಾಠ. "ನೋಡ್ಲಾ ನಿಂಗ, ರೈಡರ್ ಬೆರಳು ತಾಕ್ತೋ ಇಲ್ವೋ, ಅಂಪೈರಿಗೆ ಕಾಣ್ದೇ ಇರ್ಬೋದು. ತಾಕಿಸ್ಕೊಂಡೋನ್ಗೆ ಗೊತ್ತು, ಮಾದಪ್ಪನ್ಗೆ ಗೊತ್ತು. ತಾಕುದ್ರೆ ಕೈ ಎತ್ಬುಡು, ಆಚೆಗ್ ನಡಿ."

ಅದೇ ಶಾಲೆಯಲ್ಲಿ ಎರಡು ತರಗತಿ ಕೆಳಗೆ ಮಾದೇಶ ಎಂಬವನಿದ್ದ. ರೈಡರ್. ಗಾಳಿಯಂತೆ ಹೋಗಿ ಗಾಳಿಯಂತೆ ಬರುವವನು. ಹೋಬಳಿ ಪಂದ್ಯದ ದಿನ ಅವನ ಬಲಮಂಡಿ ತರಚಿ ರಕ್ತ ಇಳಿಯುತ್ತಿತ್ತು.

"ನಿಂಗಣ್ಣ, ನಿನ್ ಬಲಗಾಲಿಂದು ಒಂದ್ ಕೊಡಣ್ಣ. ನಾಳೆ ತಂದ್ಕೊಡ್ತೀನಿ."

"ನಿನ್ ನಾಳೆ ಯಾವ್ ವಾರ ಬತ್ತದೋ," ಎಂದು ನಗುತ್ತಲೇ ನಿಂಗರಾಜು ನನ್ನ ಜೋಡಿಯನ್ನು ಕಳಚಿ ಕೊಟ್ಟ.

ಆ ನಾಳೆ ಬರಲಿಲ್ಲ. ಕೇಳಲು ನಿಂಗರಾಜುವಿಗೆ ಸಂಕೋಚ, ಕೊಡಲು ಮಾದೇಶನಿಗೆ ಮರೆವು. ಅಂದಿನಿಂದ ನಾನು ಒಂಟಿ. ಎಡಮಂಡಿ ನೊಂದ ದಿನ ಎಡಕ್ಕೆ, ಬಲಮಂಡಿ ನೊಂದ ದಿನ ಬಲಕ್ಕೆ. ಇಬ್ಬರು ಸವೆಯಬೇಕಾದುದನ್ನು ನಾನೊಬ್ಬನೇ ಸವೆದೆ. ಮಣ್ಣಿನ ಅಂಕಣದಲ್ಲಿ ನನ್ನ ನೂಲು ಹರಿಯಿತು. ಬಿಸಿಲಿಗೆ ರಬ್ಬರು ಬಳಲಿತು.

ಮುಂದೆ ಕಬಡ್ಡಿಗೂ ಕಾಸು ಬಂತು, ಕಂಪನಿ ಬಂತು, ಹರಾಜು ಬಂತು. ದೊಡ್ಡ ತಂಡವೊಂದು ನಿಂಗರಾಜುವನ್ನು ಕೊಂಡಿತು. ಮಣ್ಣು ಹೋಗಿ ಹಸಿರು ಮ್ಯಾಟು ಬಂತು. ತಂಡದವರು ಹೊಸ ಮಂಡಿಪಟ್ಟಿಗಳ ಜೋಡಿ ಕೊಟ್ಟರು. ಅವನು ಬಲಕ್ಕೆ ಹೊಸದು ಹಾಕಿ ಎಡಕ್ಕೆ ನನ್ನನ್ನೇ ಏರಿಸಿಕೊಂಡ. "ಮೇಷ್ಟ್ರು ಕೊಟ್ಟಿದ್ದು," ಎಂದಷ್ಟೇ ಹೇಳಿದ. ಬೋರಯ್ಯನವರು ಆ ವೇಳೆಗೆ ತೀರಿಕೊಂಡಿದ್ದರು.

ನಾನು ಕಂಡ ಲೋಕವೆಲ್ಲ ಮಂಡಿಯ ಎತ್ತರದ್ದು. ರೈಡರ್ ಕಣ್ಣು ಎಡಕ್ಕೆ ತೋರಿಸಿ ಬಲಕ್ಕೆ ಹೋಗಬಹುದು; ಅವನ ಹಿಮ್ಮಡಿ ಮಾತ್ರ ಹೋಗುವ ಕಡೆಗೇ ತಿರುಗುತ್ತದೆ. ನಿಂಗರಾಜು ಅದನ್ನೇ ನೋಡುತ್ತಿದ್ದ. ವರುಷಗಳು ಹಾಗೆ ನಡೆದವು. ಪ್ರತಿ ಹಿಡಿತಕ್ಕೂ ಚಪ್ಪಾಳೆ. ಪ್ರತಿ ಚಪ್ಪಾಳೆಗೂ ಮಂಡಿಯೊಳಗೆ ಏನೋ ಸವೆಯುವ ಸಣ್ಣ ಸದ್ದು. ಚಪ್ಪಾಳೆ ಎಲ್ಲರಿಗೂ ಕೇಳಿಸಿತು. ಸದ್ದು ಕೇಳಿಸಿದ್ದು ನನಗೆ.

ಮಾದೇಶನನ್ನೂ ಇನ್ನೊಂದು ತಂಡ ಕೊಂಡಿತ್ತು. ಅವನು ದೊಡ್ಡ ಹೆಸರಾದ.

ಒಂದು ಸೆಮಿಫೈನಲಿನಲ್ಲಿ ಇಬ್ಬರೂ ಎದುರಾದರು. ನಿಂಗರಾಜುವಿಗೆ ವಯಸ್ಸಾಗಿತ್ತು. ಬೆಳಗ್ಗೆಯೇ ಕೋಚ್ ಅವನ ಭುಜ ತಟ್ಟಿ, "ಇವತ್ತು ಗೆದ್ದರೆ ಇನ್ನೊಂದು ವರ್ಷ ನಿನ್ನನ್ನ ಇಟ್ಕೋತಾರೆ. ಸೋತರೆ ನನ್ನ ಕೈಯಲ್ಲಿ ಏನಿಲ್ಲ," ಎಂದಿದ್ದ. ಊರಲ್ಲಿ ಮನೆಯ ಗೋಡೆ ಎದ್ದಿತ್ತು, ತಾರಸಿ ಬಿದ್ದಿರಲಿಲ್ಲ. ಆ ಒಂದು ವರ್ಷ ಅವನಿಗೆ ಬೇಕಿತ್ತು.

ಕೊನೆಯ ರೈಡು. ಅಂಕ ಸಮ. ಬಂದವನು ಮಾದೇಶ. ಅವರ ಹಿಂದಿನ ಎರಡು ರೈಡು ಬರಿದಾಗಿದ್ದವು; ಮೂರನೆಯದರಲ್ಲೂ ಯಾರನ್ನೂ ಮುಟ್ಟದೆ ಮರಳಿದರೆ ನಿಯಮದಂತೆ ಅವನೇ ಔಟು, ಗೆಲುವು ನಮ್ಮದು. ಒಬ್ಬನನ್ನು ಮುಟ್ಟಿದರೆ ಗೆಲುವು ಅವರದು. ಅವನು ಎಡಮೂಲೆಗೆ ನುಗ್ಗಿ ಕೈ ಬೀಸಿದ. ನಿಂಗರಾಜು ಹಿಂದಕ್ಕೆ ಜಿಗಿದ. ಆ ಜಿಗಿತಕ್ಕೆ, ಸಡಿಲಾಗಿ ಹೋಗಿದ್ದ ನಾನು ಮಂಡಿಯಿಂದ ಒಂದು ಬೆರಳಿನಷ್ಟು ಜಾರಿದೆ.

ಅಷ್ಟೇ ಆದದ್ದು. ಮಾದೇಶನ ಬೆರಳು ನನ್ನನ್ನು ಮುಟ್ಟಲಿಲ್ಲ. ನಡುವೆ ಗಾಳಿ ಇತ್ತು.

ಮಾದೇಶ ಬರಿಗೈಯಲ್ಲಿ ಗೆರೆ ದಾಟಿ, ಸೋತವನಂತೆ ತಲೆ ತಗ್ಗಿಸಿ ನಿಂತ. ನಮ್ಮವರು ಕುಣಿಯತೊಡಗಿದರು. ನಿಂಗರಾಜು ಕುಣಿಯಲಿಲ್ಲ. ಮಂಡಿಯ ಮೇಲೆ ಏನೋ ಸರಿದದ್ದು ಅವನಿಗೆ ತಿಳಿದಿತ್ತು. ಅದು ನಾನೆಂದು ತಿಳಿಯಲಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಕೈ ಎತ್ತಿದ.

ಮಾದೇಶ ಆ ಎತ್ತಿದ ಕೈ ನೋಡಿದ. ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡ. ಅವನ ಬಾಯಿ ಸ್ವಲ್ಪ ತೆರೆಯಿತು. ಅಷ್ಟರಲ್ಲಿ ಅವನ ತಂಡದವರು ಬಂದು ಅವನನ್ನು ಎತ್ತಿಕೊಂಡರು; ತೆರೆದ ಬಾಯಿ ನಗುವಾಗಿ ಮುಚ್ಚಿಕೊಂಡಿತು. ನನಗೆ ಬಾಯಿ ಇರಲಿಲ್ಲ. ಇದ್ದವನು ಸುಮ್ಮನಾದ.

ಟಿ.ವಿ.ಯಲ್ಲಿ ನಿಧಾನವಾಗಿ ತಿರುಗಿಸಿ ತೋರಿಸಿದರು. ಬೇರೆ ಆಟಗಾರನ ಬೆನ್ನು ಅಡ್ಡವಿತ್ತು.

"ಟಿ.ವಿ.ಗೇ ಕಾಣದ್ದು ನಿನಗ್ಯಾಕಪ್ಪ ಕಾಣಬೇಕಿತ್ತು?" ಎಂದ ಕೋಚ್.

"ತಾಕ್ತು ಸಾರ್," ಎಂದ ನಿಂಗರಾಜು.

ಕೆಲವು ದಿನ ಪತ್ರಿಕೆಯವರೂ ತಂಡಗಳ ಮಾಲೀಕರೂ ಅವನ ಪ್ರಾಮಾಣಿಕತೆಯನ್ನು ಹೊಗಳಿದರು. ಹೊಳೆಯುವ ಫಲಕವೊಂದನ್ನು ಕೊಟ್ಟರು. ಮುಂದಿನ ಹರಾಜನ್ನು ಅವನೂ ಹೆಂಡತಿ ಸಾಕಮ್ಮನೂ ಮನೆಯಲ್ಲೇ ಕೂತು ನೋಡಿದರು. ಅವನ ಹೆಸರು ಕೂಗಿದರು. ಯಾರೂ ಕೈ ಎತ್ತಲಿಲ್ಲ. ಹೊಗಳಿದವರೆಲ್ಲ ಆ ಸಭೆಯಲ್ಲೇ ಇದ್ದರು.

ಸಾಕಮ್ಮ ಎದ್ದು ಟಿ.ವಿ. ಆರಿಸಿದಳು. "ಕೈ ಎತ್ತೋದು ನಿಮಗೊಬ್ಬರಿಗೇ ಬರೋದು ಅಂತ ಕಾಣ್ತದೆ," ಎಂದಳು.

ಫಲಕ ಅಕ್ಕಿಡಬ್ಬದ ಮುಚ್ಚಳವಾಯಿತು. ತಾರಸಿ ಬೀಳಲಿಲ್ಲ, ಶೀಟು ಬಿತ್ತು. ಬರುವವರನ್ನು ತಡೆದು ಬಾಳಿದವನು ಸಕ್ಕರೆ ಕಾರ್ಖಾನೆಯಲ್ಲಿ ಲಾರಿಗಳಿಗೆ ಗೇಟು ತೆರೆಯುವ ಕೆಲಸಕ್ಕೆ ಸೇರಿದ. ನಾನು ಅವನ ತಾಯಿಯ ಊದಿದ ಮಂಡಿಗೆ ಹೋದೆ. ಆಕೆಯೊಡನೆ ಒಮ್ಮೆ ಮಾದಪ್ಪನ ಬೆಟ್ಟ ಹತ್ತಿದೆ. ಆಕೆ ಹೋದ ಮೇಲೆ ಹಿತ್ತಲ ನಲ್ಲಿಯ ಪೈಪು ಸೋರುತ್ತದೆಂದು ಸಾಕಮ್ಮ ನನ್ನನ್ನು ಅದರ ಗೆಣ್ಣಿಗೆ ಸುತ್ತಿ ಕಟ್ಟಿದಳು. ಅದೂ ಮಂಡಿಯೇ ಎಂದುಕೊಂಡೆ. ಹಗಲಿರುಳು ಒದ್ದೆ. ಪಾಚಿ ನನ್ನ ನೀಲಿಯನ್ನು ತಿಂದಿತು.

ಮಾದಪ್ಪನನ್ನು ನಾನು ಬೈದಿಲ್ಲ. ಆದರೆ ಕೇಳಿದ್ದೇನೆ: ತಾಕಿಸಿಕೊಂಡವನಿಗೆ ಗೊತ್ತು, ನಿನಗೆ ಗೊತ್ತು ಎಂದರಲ್ಲ ಮೇಷ್ಟ್ರು, ತಾಕದೇ ಇದ್ದದ್ದು ಗೊತ್ತಿದ್ದವನ ಲೆಕ್ಕ ಯಾರ ಹತ್ತಿರ? ನೀರು ತೊಟ್ಟಿಕ್ಕುತ್ತಿತ್ತು.

ಮೊನ್ನೆ ಒಂದು ಬೆಳಗ್ಗೆ ಹಿತ್ತಲಿಗೆ ಮಾದೇಶ ಬಂದ. ಕುಂಟುತ್ತಿದ್ದ, ಅವನನ್ನೂ ಹರಾಜು ಕೈಬಿಟ್ಟಿತ್ತಂತೆ. ನಿಂಗರಾಜು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದ.

"ನಿಂಗಣ್ಣ, ಅವತ್ತು ನಾನ್ ಮುಟ್ಟಿರ್ನಿಲ್ಲ."

ನಿಂಗರಾಜು ಬಾಯಿ ಮುಕ್ಕಳಿಸಿ ಉಗಿದ. "ಯಾವತ್ತು ಗೊತ್ತಾಯ್ತು?"

"ಅವತ್ತೇ."

"ಸುಮ್ಕೆ ಇದ್ದೆ."

"ಇದ್ದೆ ಕಣಣ್ಣ. ನೀನೇ ಕೈ ಎತ್ತುದ್ಯಲ್ಲ ಅಂತ ನನಗ್ ನಾನೇ ಹೇಳ್ಕಂಡೆ."

"ಮತ್ತೆ ನನ್ ಮಂಡಿಗ್ ತಾಕಿದ್ದೇನು?"

ಮಾದೇಶ ತಲೆ ಆಡಿಸಿದ. ಅದು ಅವನಿಗೂ ಗೊತ್ತಿರಲಿಲ್ಲ.

ಒಳಗಿನಿಂದ ಸಾಕಮ್ಮನ ದನಿ ಬಂತು. "ಯಾರು ಬಂದಿರೋದು? ಕಾಪಿ ಇಡ್ಲಾ?"

ನಿಂಗರಾಜು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ. ಆಮೇಲೆ, "ಇಡು," ಎಂದ. ಮಾದೇಶನ ಕಡೆ ನೋಡಲಿಲ್ಲ.

ಮಾದೇಶ ಹೆಗಲ ಚೀಲದಿಂದ ಒಂದು ಪೇಪರಿನ ಪೊಟ್ಟಣ ತೆಗೆದು ಬಿಚ್ಚಿದ. ನನ್ನ ಜೋಡಿ. ಒಗೆದು ಮಡಿಸಿದ್ದ, ನೀಲಿ ಹಾಗೇ ಇತ್ತು, ಬಿಗಿ ಹಾಗೇ ಇತ್ತು. ಅವನು ಅದನ್ನು ನಿಂಗರಾಜುವಿನ ಒದ್ದೆ ಕೈಯಲ್ಲಿಟ್ಟ.