ಪುಟ್ಟಿ ಹೇಳಿದ್ದು

ಕೀಂ ಕೀಂ ಕೀಂ — ಅಡುಗೆಮನೆಯಲ್ಲಿ ಮತ್ತೆ ಆ ಟೊಮೆಟೊ ಕೂಗುತ್ತಿದೆ, ಟೊಮೆಟೊ ಎಂದರೆ ತಿನ್ನುವ ಟೊಮೆಟೊ ಅಲ್ಲ, ಒಲೆಯ ಮೇಲಿಟ್ಟದ್ದನ್ನು ಇಳಿಸು ಎಂದು ನೆನಪಿಸುವ ಅಮ್ಮನ ಪ್ಲಾಸ್ಟಿಕ್ ಟೈಮರ್, ಕೆಂಪಗೆ, ದುಂಡಗೆ, ಹೊಟ್ಟೆಯ ಮೇಲೆ ನಾಲ್ಕು ಅಂಕಿ, ವರ್ಷವಿಡೀ ಸತ್ತು ಬಿದ್ದಿತ್ತು, ಈಗ ನೋಡಿದರೆ ಹತ್ತು ನಿಮಿಷಕ್ಕೊಮ್ಮೆ ಅರಚುತ್ತದೆ, ಭಾನುವಾರದಿಂದ ಹೇಗೆ ಓಡ್ತಿದೆ ನೋಡು, ನಿಮ್ಮಪ್ಪ ಸರಿ ಮಾಡಿದ್ದು ಎಂದು ಅಮ್ಮ ಬಾಗಿಲಲ್ಲಿ ನಿಂತು ಹೇಳಿ ಹೋದಳು, ಪುಟ್ಟಿ ಹೂಂ ಅಂದಳೇ ಹೊರತು ಅಪ್ಪನ ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳಲಿಲ್ಲ — ನಾಲ್ಕು ಗಂಟೆ ಹತ್ತು ನಿಮಿಷ, ಗೋಡೆಯ ಮೇಲಿನ ಹದಿನಾಲ್ಕು ಗಡಿಯಾರಗಳೂ ಒಕ್ಕೊರಲಿನಿಂದ ಅದನ್ನೇ ಹೇಳುತ್ತಿವೆ, ಅಪ್ಪನ ಅಂಗಡಿ ಮುಚ್ಚಿದ ದಿನ ಮನೆಗೆ ಬಂದು ನೆಲೆಸಿದ ಗಡಿಯಾರಗಳು, ಒಂದಾದರೂ ಅರ್ಧ ನಿಮಿಷ ಹಿಂದೆ ಬಿದ್ದರೆ ಅಪ್ಪನಿಗೆ ಊಟ ಸೇರುವುದಿಲ್ಲ — ಐದಕ್ಕೆ ತರಬೇತಿ ಶಾಲೆಯ ಮೇಷ್ಟ್ರಿಗೆ ಅಪ್ಪನ ಪುಸ್ತಕ ಈಮೇಲಿನಲ್ಲಿ ಹೋಗಬೇಕು, ಗಡಿಯಾರ ರಿಪೇರಿಯ ಬಗ್ಗೆ ಅವನೇ ಬರೆದ ಪುಸ್ತಕ, ಐದು ದಾಟಿದರೆ ಈ ವರ್ಷದ ಪಾಠಗಳ ಪಟ್ಟಿ ಮುಚ್ಚಿತು, ಮತ್ತೆ ಮುಂದಿನ ವರ್ಷ, ಮುಂದಿನ ವರ್ಷಕ್ಕೆ ಅಪ್ಪನಿಗೆ ಎಪ್ಪತ್ತೆಂಟು, ಮತ್ತು ಪುಸ್ತಕ ಇಲ್ಲ, ಫೈಲೇ ಇಲ್ಲ, ಸೋಮವಾರ ಇತ್ತಂತೆ, ಮಂಗಳವಾರ ಇಲ್ಲವಂತೆ.

ಅವಳಿಗೇನು ಇದು ಹೊಸದೇ, ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕೂತು ಸರದಿಯ ಚೀಟಿ ಕೊಡುವವಳು, ಯಾವುದೋ ಕಾಲದಲ್ಲಿ ಅತ್ತಿಗೆಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದು ತೆಗೆದದ್ದೇ ತಪ್ಪಾಯಿತು, ಅಂದಿನಿಂದ ಇಡೀ ಬಳಗಕ್ಕೆ ಕಂಪ್ಯೂಟರ್ ಡಾಕ್ಟರು, ಚಿಕ್ಕಮ್ಮನ ಪರದೆಯಲ್ಲಿ ಎಲ್ಲಾ ತಲೆಕೆಳಗಾದಾಗ ಚಿಕ್ಕಮ್ಮ ಮಾನಿಟರನ್ನೇ ತಲೆಕೆಳಗು ಮಾಡಿ ಗೋಡೆಗೊರಗಿಸಿ ಎರಡು ದಿನ ಕೆಲಸ ಮಾಡಿದ್ದಳು, ಭಾವನಂತೂ ಫೋನೆತ್ತಿದರೆ ನಾನೇನೂ ಮುಟ್ಟಿಲ್ಲಮ್ಮ, ತಾನಾಗೇ ಹೀಗಾಯ್ತು, ಏನೂ ಮುಟ್ಟಿಲ್ಲ ಅನ್ನುವವರೇ ಎಲ್ಲಾ ಮುಟ್ಟಿರುತ್ತಾರೆ, ಹಲ್ಲಿನ ಆಸ್ಪತ್ರೆಯಲ್ಲೂ ಅಷ್ಟೇ, ಸಿಹಿ ತಿನ್ನೋದೇ ಇಲ್ಲ ಅನ್ನುವವರ ಬಾಯಿ ತೆರೆಸಿ ನೋಡಬೇಕು — ಎಲ್ಲರಿಗಿಂತ ಒಳ್ಳೆಯ ರೋಗಿ ಅಪ್ಪ, ಅವಳು ಫೋನಿನಲ್ಲಿ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ, ಮೇಲೆ ದಪ್ಪಕ್ಷರದಲ್ಲಿ ಪುಟ್ಟಿ ಹೇಳಿದ್ದು, ಒಂದು, ಗುಂಡಿ ಒತ್ತು, ಎರಡು, ಕಾಯಿ, ಮೂರು, ಪಟ್ಟಿ ತೆರೆ, ಕೊನೆಗೆ ಬರೆದಿಟ್ಟದ್ದೇ ಮೇಲಿರುತ್ತದೆ, ಯಾವಾಗಲೂ ಎಲ್ಲಕ್ಕಿಂತ ಮೇಲಿನ ಫೈಲ್ ಒತ್ತು, ಅದೇ ನಿನ್ನದು, ನಾಲ್ಕು, ಇಲ್ಲಿ ಪುಟ್ಟಿ ಬೈದಳು — ಅದನ್ನೂ ಬರೆದಿದ್ದಾನೆ ಪುಣ್ಯಾತ್ಮ, ಬೈಗುಳವೂ ರಿಪೇರಿಯ ಒಂದು ಹೆಜ್ಜೆ ಎಂಬಂತೆ, ನೋಡಿದರೆ ನಗು ಬರಬೇಕು, ಆದರೆ ಅದರ ಕೆಳಗೆ ಭಾನುವಾರದ ಸಾಲು ಕಂಡು ಅದನ್ನು ಪಕ್ಕಕ್ಕೆ ಸರಿಸಿಬಿಟ್ಟಳು, ಕಸದ ಬುಟ್ಟಿ ಖಾಲಿ ಮಾಡು.

ಹೇಳಿದ್ದು ಅವಳೇ, ಬಾಯಾರೆ ಹೇಳಿದ್ದು, ಕಂಪ್ಯೂಟರ್ ನಿಧಾನ ಆಗಿದೆ ಪುಟ್ಟಿ ಅಂದ ಅಪ್ಪ, ಆಸ್ಪತ್ರೆಗೆ ಬೇಕಾದ ಪಟ್ಟಿಯೊಂದನ್ನು ಮನೆಯಲ್ಲಿ ಕೂತು ಮುಗಿಸುವ ಗಡಿಬಿಡಿಯಲ್ಲಿ ಇವಳು ಬುಟ್ಟಿ ಖಾಲಿ ಮಾಡಪ್ಪಾ, ಹಾಗೇ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಧೂಳೂ ಊದಿಬಿಡು ಎಂದು ಫೋನಿಟ್ಟಿದ್ದಳು, ಅಳಿಸಿದ ಫೈಲುಗಳೆಲ್ಲ ಬೀಳುವ ಆ ಬುಟ್ಟಿಯಲ್ಲೇನಿದೆ ಎಂದು ಒಂದು ಮಾತು ಕೇಳಲಿಲ್ಲ, ಮಾಡಿದ್ದುಣ್ಣೋ ಮಹರಾಯ, ಉಣ್ಣುವುದಾದರೆ ತಾನು ಉಣ್ಣಲಿ, ಅಪ್ಪ ಯಾಕೆ — ಸೋಮವಾರ ಇತ್ತು ಅನ್ನುತ್ತಾನಲ್ಲ, ಎಪ್ಪತ್ತೇಳರ ನೆನಪು, ಶನಿವಾರವನ್ನು ಸೋಮವಾರ ಅಂದಿದ್ದರೆ? ಹೆಸರು ಹಾಕಿ ಹುಡುಕೋಣವೆಂದರೆ ಅಪ್ಪನ ಫೈಲುಗಳಿಗೆ ಹೆಸರೆಂಬುದಿಲ್ಲ, ಒಂದು, ಒಂದೊಂದು, ಒಂದೊಂದೊಂದು, ಕೈಗೆ ಸಿಕ್ಕ ಅಂಕಿ ಒತ್ತಿ ಇಡುತ್ತಾನೆ, ಮೇಲಿನದು ಕರೆಂಟಿನವರಿಗೆ ಬರೆದ ದೂರು, ಅದರ ಕೆಳಗಿನದೂ ದೂರು, ಕೆಳಕೆಳಗೆ ಬರೀ ದೂರುಗಳು, ನಾಲ್ಕು ಮೂವತ್ತೈದು, ಅಪ್ಪ ಪಕ್ಕದ ಕುರ್ಚಿಯಲ್ಲಿ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದಿಟ್ಟು ಕೂತಿದ್ದಾನೆ, ಮೇಲಿನದು ಕೆಳಗಿನದರ ನಡುಕ ಹಿಡಿಯಲೆಂದು, ಎರಡು ವರ್ಷದಿಂದ ಹೀಗೆ, ಸಾಸಿವೆ ಕಾಳಿನಂಥ ಸ್ಕ್ರೂ ಚಿಮಟದಿಂದ ಜಾರಿ ಜಾರಿ ಬೀಳತೊಡಗಿದ ದಿನ ಅಂಗಡಿಯ ಬಾಗಿಲೆಳೆದ, ಬಂದವನೇ ಈ ಪುಸ್ತಕ ಶುರುಮಾಡಿದ, ಎಡಗೈಯಲ್ಲಿ ಬಲ ಮಣಿಕಟ್ಟು ಹಿಡಿದು ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ, ಕೈಯಲ್ಲಿದ್ದದ್ದನ್ನೆಲ್ಲ ಕೈ ಹೋಗುವ ಮೊದಲು ಬರೆದಿಡಬೇಕು ಎಂದು, ಈಗ ಅದನ್ನು ಅವಳು ಬುಟ್ಟಿಗೆ — ಹೋದ್ರೆ ಹೋಯ್ತು ಬಿಡು ಪುಟ್ಟಿ, ಮತ್ತೆ ಬರೀತೀನಿ ಅನ್ನುತ್ತಾನೆ, ಎಷ್ಟು ಹಗುರಾಗಿ ಅಂದ, ಬೈದಿದ್ದರೆ ಚೆನ್ನಾಗಿತ್ತು, ನಾಲ್ಕನೆಯ ಹೆಜ್ಜೆ, ಇಲ್ಲಿ ಅಪ್ಪ ಬೈದ, ಬರೆದುಕೊಳ್ಳುತ್ತಿದ್ದಳು, ಅವಳಿಗೆ ಅಳು ಬಂತು, ಕೀಂ ಕೀಂ ಎಂದಿತು ಟೊಮೆಟೊ, ಅಮ್ಮ ಓಡಿಹೋಗಿ ಅದರ ತಲೆ ಒತ್ತಿದ ಸದ್ದು.

ಅಳಿಸಿದ್ದನ್ನು ಹುಡುಕಿಕೊಡುವ ಸಾಫ್ಟ್‌ವೇರ್ ಒಂದಿದೆ, ಇಳಿಸಿಕೊಂಡು ನೋಡೋಣ, ಕೊನೆಯ ಆಸೆ — ಇಂಟರ್ನೆಟ್ಟಿನ ಪುಟವೇ ತೆರೆಯುತ್ತಿಲ್ಲ, ಇನ್ನೊಂದು, ಅದೂ ಇಲ್ಲ, ನಿನ್ನೆಯಿಂದ ಯಾವುದೂ ತೆರೀತಿಲ್ಲ, ನಾನೇನೂ ಮುಟ್ಟಿಲ್ಲ ಅನ್ನುತ್ತಾನೆ ಅಪ್ಪ, ಓಹೋ ಭಾವನ ಮಾತು ಅಪ್ಪನ ಬಾಯಲ್ಲಿ, ಪರದೆಯ ಮೇಲೆ ಏನೋ ಬರೆದಿದೆ, ಯಾರೂ ಓದದೆ ಮುಚ್ಚುವಂಥದ್ದು, ಎಲ್ಲರಿಗೂ ಓದಿ ಓದಿ ಎಂದು ಬಡಿದುಕೊಳ್ಳುವವಳೇ ಓದದೆ ಮುಚ್ಚಿದ್ದಾಳೆ ಎರಡು ಸಲ, ಮೂರನೆಯ ಸಲ ಓದಿದಳು, ನಿಮ್ಮ ಗಡಿಯಾರ ಹಿಂದಿದೆ — ಹಿಂದಿದೆಯೇ, ಈ ಮನೆಯಲ್ಲೇ, ಹದಿನಾಲ್ಕು ಗಡಿಯಾರ ನೋಡಿದಳು, ನಾಲ್ಕು ನಲವತ್ತೊಂದು, ಎಲ್ಲವೂ, ಆಮೇಲೆ ಪರದೆಯ ಕೆಳಗಿನ ಮೂಲೆ, ಯಾರೂ ನೋಡದ ಹದಿನೈದನೆಯ ಗಡಿಯಾರ, ಜನವರಿ ಒಂದು, ಅವಳ ಮದುವೆಗೂ ಎರಡು ವರ್ಷ ಹಿಂದಿನ ಜನವರಿ ಒಂದು. ದೀಪದ ಬುಡದಲ್ಲೇ ಕತ್ತಲು. ಅಂದರೆ ಸೋಮವಾರ ಬರೆದು ಇಟ್ಟದ್ದಕ್ಕೆ ಬಿದ್ದ ತಾರೀಕು ಇದೇ, ಎಲ್ಲಕ್ಕಿಂತ ಹಳೆಯದು, ಹಳೆಯದಾದರೆ ಮೇಲಲ್ಲ, ಕೆಳಗೆ — ಇಳಿಸುತ್ತಾಳೆ, ದೂರು, ದೂರು, ದೂರು, ಇನ್ನೂ ಕೆಳಗೆ, ತಳ, ತಳದಲ್ಲಿ ಒಂದೊಂದೊಂದು, ಒತ್ತಿದಳು, ಮೊದಲ ಸಾಲು, ಗಡಿಯಾರದ ಮುಚ್ಚಳ ಬಿಚ್ಚುವ ಮುನ್ನ ಕೈ ತೊಳೆಯಬೇಕು, ತೊಂಬತ್ತೆರಡು ಪುಟ, ಅಷ್ಟೂ ಇದೆ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು, ಅಪ್ಪಾ ಎಂದು ಪರದೆಯತ್ತ ಬೆರಳು ತೋರಿಸಿದಳು, ಅಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, ಮೇಲಿರೋದು ಕೆಳಗ್ಯಾಕೆ ಹೋಯ್ತು ಎಂದು ಕೇಳಿ ಪೆನ್ನು ತೆರೆದ, ಬರೆದುಕೊಳ್ಳಲು.

ತಾರೀಕು ತಿದ್ದಿದಳು, ಪುಟಗಳೆಲ್ಲ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡವು, ಮೇಲ್ ಹೋಯಿತು, ನಾಲ್ಕು ಐವತ್ತೆರಡು, ಸಿಕ್ಕಿತು ಎಂದು ಮೇಷ್ಟ್ರ ಉತ್ತರವೂ ಬಂತು, ಅಮ್ಮ ಮೂರು ಲೋಟ ಕಾಫಿ ತಂದಿಟ್ಟಳು, ಎಲ್ಲರ ಮುಖವೂ ಅರಳಿದೆ — ಆದರೆ ಗಡಿಯಾರ ಹಿಂದೆ ಹೋದದ್ದು ಹೇಗೆ, ಕಂಪ್ಯೂಟರಿನೊಳಗೆ ಬಿಲ್ಲೆಯಂಥ ಒಂದು ಸೆಲ್ ಇರುತ್ತದೆ, ಕರೆಂಟ್ ತೆಗೆದರೂ ತಾರೀಕು ಮರೆಯದ ಹಾಗೆ ನೋಡಿಕೊಳ್ಳುವುದು ಅದೇ, ಅದು ಸತ್ತಿರಬೇಕು, ಅಪ್ಪಾ ಭಾನುವಾರ ಮುಚ್ಚಳ ತೆಗೆದೆಯಲ್ಲ, ಒಳಗೊಂದು ಸೆಲ್ — ಅಪ್ಪ ಕಾಫಿಯ ಲೋಟ ಕೆಳಗಿಟ್ಟ, ಕಳ್ಳನ ಮುಖ, ನೋಟ್‌ಬುಕ್ಕನ್ನು ಅವಳತ್ತ ತಳ್ಳಿದ, ಬುಟ್ಟಿಯ ಸಾಲು ಕಂಡು ಹೆದರಿ ಅವಳು ತಿರುವದೇ ಬಿಟ್ಟ ಹಾಳೆ, ಮುಚ್ಚಳ ಬಿಚ್ಚಿದೆ, ಧೂಳು ಊದಿದೆ, ಮೂಲೆಯಲ್ಲಿ ಒಂದು ಸೆಲ್ ಕೆಲಸವಿಲ್ಲದೆ ಕೂತಿತ್ತು, ತೆಗೆದು ಇವಳ ಟೊಮೆಟೊಗೆ ಹಾಕಿದೆ, ಓಡಿತು — ನಗು ಉಕ್ಕಿ ಬಂದು ಕಾಫಿ ನೆತ್ತಿಗೇರಿತು, ಕೆಮ್ಮುತ್ತಲೇ ಕೊನೆಯ ಸಾಲು ಓದಿದಳು, ಉಳಿದವುಗಳಿಗಿಂತ ಸಣ್ಣ ಅಕ್ಷರ, ಚಿಮಟ ಹಿಡಿದಾಗ ಕೈ ನಡುಗಲಿಲ್ಲ. ತೆಗೆದು ವಾಪಸ್ ಹಾಕಿಬಿಡ್ಲಾ ಪುಟ್ಟಿ ಎಂದು ಅಪ್ಪ ಮೆಲ್ಲಗೆ ಕೇಳುತ್ತಾನೆ, ಬೇಡಪ್ಪ, ಅದು ಅಲ್ಲೇ ಇರಲಿ, ಇದಕ್ಕೆ ನಾಳೆ ಹೊಸದು ತರ್ತೀನಿ, ನೀನೇ ಹಾಕುವೆಯಂತೆ, ಹಾಲಿಗೆ ಇಟ್ಟಿದ್ದು ಎಂದು ಅಮ್ಮ ಒಳಗೆ ಓಡುತ್ತಾಳೆ, ಕೀಂ ಕೀಂ, ಕೈ ನಡುಗಲಿಲ್ಲ, ಬಾಗಿಲಿನಾಚೆ ಒಲೆಯ ಪಕ್ಕದಲ್ಲಿ, ನಡುಗಲಿಲ್ಲ, ಕೆಂಪಗೆ, ದುಂಡಗೆ, ಹೊಟ್ಟೆಯ ಮೇಲೆ ನಾಲ್ಕು ಅಂಕಿ, ಆ ಟೊಮೆಟೊ —