ಮರೆಯ ಹಿಂದೆ ಬಿದ್ದ ಸಂಖ್ಯೆ

"ಹದಿನಾಲ್ಕು," ಎಂದು ಸುಳ್ಳು ಹೇಳಿದ ಮೇಲೆ ಆರ್ಲನ್ ದಾಳದತ್ತ ನೋಡಿದ. ಹದಿನಾಲ್ಕೇ ಬಿದ್ದಿತ್ತು.

ಇವತ್ತು ಹೀಗೆ ಸಾಲಾಗಿ ಇದು ಮೂರನೆಯ ಸಲ. ಇಪ್ಪತ್ತು ಮುಖದ ದಾಳ. ಬಾಯಿಗೆ ಬಂದ ಸಂಖ್ಯೆ ಸಾಲಾಗಿ ಮೂರು ಸಲ ಬೀಳುವುದು ಎಂಟು ಸಾವಿರಕ್ಕೊಮ್ಮೆ. ಕಾಲೇಜಿನಲ್ಲಿ ಸಂಭವನೀಯತೆಯ ಪಾಠ ಮಾಡುವವನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

"ಅಂದ್ರೆ ನಾನು ಸೇತುವೆ ದಾಟ್ದೆ?" ಮೇಜಿನಾಚೆಯಿಂದ ಡ್ವೇನ್ ಕೇಳಿದ.

"ದಾಟ್ದೆ."

"ನೋಡು, ಆಟದಲ್ಲಾದ್ರೂ ನನ್ ಗಂಡಂಗೆ ಅದೃಷ್ಟ ಇದೆ," ಎಂದು ಲೊರ್ನಾ ನಕ್ಕಳು.

ಇಪ್ಪತ್ತಾರು ವರ್ಷಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಅಮೆರಿಕದ ವಿಸ್ಕಾನ್ಸಿನ್ನಿನ ಈ ನೆಲಮಾಳಿಗೆಯಲ್ಲಿ ಅವರು ಕಥೆ ಕಟ್ಟಿ ಆಡುವ ಆಟಕ್ಕೆ ಸೇರುತ್ತಿದ್ದರು. ಡ್ವೇನ್ ಕೊಡಲಿ ಹಿಡಿದ ವೀರನಾಗುತ್ತಿದ್ದ, ಲೊರ್ನಾ ಮಾಟಗಾತಿ. ಕಥೆ ನಡೆಸುವವನು ಆರ್ಲನ್. ಮುಂದೇನೆಂದು ಅನುಮಾನ ಬಂದಲ್ಲೆಲ್ಲ ದಾಳ ತೀರ್ಮಾನಿಸಬೇಕು. ಎಲ್ಲರ ಪರವಾಗಿ ಆರ್ಲನೇ ದಾಳವನ್ನು ಎದುರಿಗೆ ನಿಲ್ಲಿಸಿದ ರಟ್ಟಿನ ಮರೆಯ ಹಿಂದೆ ಎಸೆಯುತ್ತಿದ್ದ. ಅಲ್ಲಿಗೆ ಯಾರೂ ಇಣುಕಬಾರದು.

ಡ್ವೇನನ ಹೃದಯ ಮೊದಲ ಸಲ ಕೈಕೊಟ್ಟು ಆರು ವರ್ಷವಾಯಿತು. ಅಂದಿನಿಂದ ಆರ್ಲನ್ ದಾಳ ಎಸೆಯುವುದು ಸದ್ದಿಗೆ ಮಾತ್ರ. ಡ್ವೇನ್ ಗೆಲ್ಲುವ ಸಂಖ್ಯೆ ಅವನ ಬಾಯಲ್ಲಿ ಮೊದಲೇ ಸಿದ್ಧವಿರುತ್ತಿತ್ತು. ಅದನ್ನು ಅವನು ಕರುಣೆ ಎಂದುಕೊಂಡಿದ್ದ. ಹೆಂಡತಿ ಕಾರಿನ್ ಮನೆ ಬಿಡುವಾಗ ಬೇರೆ ಹೆಸರಿಟ್ಟಿದ್ದಳು: "ಬಿದ್ದದ್ದನ್ನ ಬಿದ್ದ ಹಾಗೆ ಹೇಳೋಕೆ ನಿಂಗೆ ಬರಲ್ಲ."

ಈಗ ಕಥೆಯಲ್ಲಿ ಹಿಮದೈತ್ಯನ ಏಟಿಗೆ ಡ್ವೇನನ ವೀರ ನೆಲಕ್ಕುರುಳಿದ್ದ. ಬಿದ್ದವನ ಜೀವಕ್ಕೆ ಒಂದೇ ಎಸೆತ: ಹತ್ತು ಅಥವಾ ಅದಕ್ಕಿಂತ ಮೇಲಾದರೆ ಬದುಕು, ಕಡಿಮೆಯಾದರೆ ಮುಗಿಯಿತು. ಆರ್ಲನ್ ಮರೆಯ ಹಿಂದೆ ಕೈ ಇಟ್ಟ.

"ಆ ರಟ್ಟು ತೆಗಿ," ಡ್ವೇನ್ ಅಂದ.

"ಯಾಕೋ? ಪದ್ಧತಿ ಅಂತ ಒಂದಿದೆಯಲ್ಲ."

"ಪದ್ಧತಿ ಮನೆ ಹಾಳಾಗ್ಲಿ. ಸೋಮವಾರ ಎದೆ ಕೊಯ್ತಾರೆ. ಅದಕ್ಕೆ ಮುಂಚೆ ಒಂದ್ಸಲ, ಯಾರ ದಯೆನೂ ಇಲ್ದೆ ನಂಗೇನು ಬೀಳತ್ತೆ ನೋಡ್ಬೇಕು."

"ದಯೆ? ಯಾರದು?"

ಡ್ವೇನ್ ತಟ್ಟೆಯಿಂದ ಒಂದು ತುಣುಕು ತಾಜಾ ಚೀಸ್ ತೆಗೆದು, ಹಲ್ಲಿನಡಿ ಕಿಚಗುಟ್ಟಿಸುತ್ತ ನಿಧಾನವಾಗಿ ಅಗಿದು ನುಂಗಿದ. "ಆರು ವರ್ಷದಿಂದ ಆಟದಲ್ಲಿ ಒಂದ್ಸಲಾನೂ ಸತ್ತಿಲ್ಲ ಮಾರಾಯ. ನಂಗೇನು ತಲೆ ಇಲ್ವಾ?"

"ಬೇಡ ಬಿಡ್ರೀ," ಲೊರ್ನಾ ಗಂಡನ ತೋಳು ಹಿಡಿದಳು. ಅವನು ಬಿಡಿಸಿಕೊಂಡ.

ಆರ್ಲನ್ ರಟ್ಟನ್ನು ಮಡಿಚಿಟ್ಟ. ಜನರ ನಡುವೆ ಅಂಗಿ ಬಿಚ್ಚಿದಂತೆ ನಾಚಿಕೆಯಾಯಿತು. ಅವನ ಭಯ ಸಣ್ಣ ಸಂಖ್ಯೆಯದಲ್ಲ. ತಾನು ನೆನೆದದ್ದೇ ಬಿದ್ದರೆ? ನಾಲ್ಕು ಎಂದು ನೆನೆದು ನಾಲ್ಕೇ ಬಿದ್ದರೆ, ಸೋಮವಾರದ ಹೊಣೆಯೂ ತನ್ನದೇ? ಯಾವ ಸಂಖ್ಯೆಯನ್ನೂ ನೆನೆಯಬಾರದು. ಮಂಗನನ್ನು ನೆನೆಯದೆ ಮದ್ದು ಕುಡಿ ಎಂದಂತಾಯಿತು; ತಲೆಯ ತುಂಬ ನಾಲ್ಕು.

ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಎಸೆದ.

ದಾಳ ಹಲಗೆಯ ಮೇಲೆ ಉರುಳಿತು, ಎಡವಿತು, ನಿಂತಿತು.

"ಹದಿನೇಳು," ಅಂದಿತು ಅವನ ಬಾಯಿ. ಎಷ್ಟೆಂದು ಯಾರೂ ಕೇಳಿರಲಿಲ್ಲ.

ಮೂಲೆಯಲ್ಲಿ ಮನೆ ಬೆಚ್ಚಗಿಡುವ ಯಂತ್ರ ಗುಂಯ್ಗುಡುತ್ತಿತ್ತು. ಯಾರದೋ ಕುರ್ಚಿ ಕಿರುಗುಟ್ಟಿತು. ಕಣ್ಣು ತೆರೆದಾಗ ಡ್ವೇನನ ಅಗಲವಾದ ಅಂಗೈ ದಾಳದ ಮೇಲಿತ್ತು. ಲೊರ್ನಾ ಗಂಡನನ್ನಲ್ಲ, ಆರ್ಲನನನ್ನೇ ನೋಡುತ್ತಿದ್ದಳು; ಅವಳ ಕಣ್ಣು ತುಂಬಿತ್ತು.

"ಎಷ್ಟು ಬಿತ್ತು?" ಆರ್ಲನ್ ಕೇಳಿದ.

"ನೀನು ಹೇಳಿದ್ದೇ."

ಡ್ವೇನನ ದನಿ ತುಂಬ ಮೃದುವಾಗಿತ್ತು. ಆ ಮೃದುತನ ಆರ್ಲನನಿಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷ ಮರೆಯ ಹಿಂದೆ ಅದು ಅವನದೇ ದನಿಯಾಗಿತ್ತು.

"ಕೈ ತೆಗಿಯೋ. ನೋಡ್ತೀನಿ."

"ಹದಿನೇಳು ಕಣೋ. ಬದುಕಿದೀನಿ. ಕಥೆ ಮುಂದೆ ಹೇಳು."

"ಲೊರ್ನಾ, ನೀನಾದ್ರೂ ಹೇಳು."

"ಹೂಂ," ಅಂದಳು ಲೊರ್ನಾ, ಮೇಜಿನ ಮೇಲಿನ ಚೀಸ್ ತುಣುಕುಗಳನ್ನು ಒಂದೊಂದಾಗಿ ಹೆಕ್ಕುತ್ತ. "ಹದಿನೇಳು."

ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿದ ಆ ಕೈ ಅಲುಗಲಿಲ್ಲ. ಆರ್ಲನ್ ಕತ್ತು ಚಾಚಿದ, ಬಾಗಿದ, ಬೆರಳುಗಳ ಸಂದಿಗೆ ಕಣ್ಣಿಟ್ಟ. ಮೇಜಿನ ಈ ಬದಿಯಿಂದ ಏನೂ ಕಾಣುತ್ತಿರಲಿಲ್ಲ.